ನಿರ್ದೇಶಕರ ನೆಗಡಿ

ನನ್ನ ತಮ್ಮನ ಮಗಳು ಪಿಎಚ್.ಡಿ. ಮಾಡುತ್ತಿದ್ದದ್ದು ಕಂಪನಿಗಳ ಆಡಳಿತ ಮಂಡಳಿಗಳ ಮೇಲೆ. ಹೊರಗಿನಿಂದ ಕರೆತಂದು ಕೂರಿಸುವ ಸ್ವತಂತ್ರ ನಿರ್ದೇಶಕರು ಮಾಲೀಕರಿಗೆ ಯಾವತ್ತಾದರೂ ‘ಬೇಡ’ ಅನ್ನುತ್ತಾರೆಯೇ ಎಂಬುದು ಅವಳ ಪ್ರಶ್ನೆ. ವರ್ಷಗಟ್ಟಲೆ ವರದಿಗಳನ್ನು ಜಾಲಾಡಿ ಕಂಡುಕೊಂಡ ಉತ್ತರ: ಇಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಪ್ರಬಂಧ ಸಲ್ಲಿಸುವುದೊಂದೇ ಬಾಕಿ. ಸಲ್ಲಿಸಿದರೆ ಕಾಲೇಜಿನಲ್ಲಿ ಕಾಯಂ ಕೆಲಸ ಕಾದಿತ್ತು.

ಆ ಭಾನುವಾರ ಮೇಲಿನ ಮನೆಯವರು ಕಾಫಿಗೆ ಬಂದರು. ಬಟ್ಟೆ ಗಿರಣಿಯೊಂದರ ಮಂಡಳಿಯಲ್ಲಿದ್ದು ನಿವೃತ್ತರಾದವರು; ನಮ್ಮ ಕಟ್ಟಡಕ್ಕೆಲ್ಲ ಅವರು ‘ಡೈರೆಕ್ಟರು’. ನನಗೆ ಮಂಡಿನೋವೆಂದು ನಾನು ಬರುವವರೆಗೂ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವವರು.

“ನೀವೂ ಎಲ್ಲದಕ್ಕೂ ಹೂಂ ಅಂದವರೇನಾ ಅಂಕಲ್?” ಹುಡುಗಿ ಕೆಣಕಿದಳು.

“ಛೇ! ಹಿಡಿಸದೇ ಇದ್ರೆ ನನಗೆ ನೆಗಡಿ ಬರ್ತಿತ್ತು.”

“ನೆಗಡಿನಾ?”

“ಹೂನಮ್ಮಾ. ಎದುರಿಗೆ ಕೂತು ಬೇಡ ಅಂದ್ರೆ ಸ್ನೇಹ ಕೆಡುತ್ತೆ. ಬೆಳಿಗ್ಗೆ ಫೋನ್ ಮಾಡಿ ಒಂದೆರಡು ಸಲ ಸೀನಿದ್ರೆ ಸಾಕು, ಅಧ್ಯಕ್ಷರಿಗೆ ಅರ್ಥ ಆಗೋದು. ಇನ್ನೊಬ್ಬರಿಗೆ ಯಾವಾಗಲೂ ಮಾವನ ಮಗಳ ಮದುವೆ. ಆ ಮಾವನಿಗೆ ಅದೆಷ್ಟು ಹೆಣ್ಣುಮಕ್ಕಳೋ!”

ನಾನು ನಕ್ಕೆ. ಹುಡುಗಿ ನಗಲಿಲ್ಲ. ಸಭೆಗೆ ಬಾರದವರನ್ನು ಅವಳು ಎಣಿಕೆಯಿಂದಲೇ ಬಿಟ್ಟಿದ್ದಳು. ಆ ಕ್ಷೇತ್ರದಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

“ಅತ್ತೆ, ನಾನು ಖಾಲಿ ಕುರ್ಚಿಗಳನ್ನ ನೋಡಲೇ ಇಲ್ಲ,” ಎಂದಳು.

ಮರುದಿನ ತನ್ನ ಮಾರ್ಗದರ್ಶಕರ ಬಳಿ ಹೋದಳು. “ಈಗ ಸಲ್ಲಿಸಿಬಿಡು, ಕುರ್ಚಿಗಳನ್ನ ಆಮೇಲೆ ನೋಡ್ಕೊಂಡ್ರಾಯ್ತು. ಕೆಲಸ ಕೈತಪ್ಪುತ್ತೆ,” ಎಂದರಂತೆ ಮಾರ್ಗದರ್ಶಕರು.

“ತಪ್ಪು ಅಂತ ಗೊತ್ತಿದ್ದೂ ಹೇಗೆ ಸಾರ್ ಕೊಡಲಿ?”

ಅವರು ತಲೆ ಕೆರೆದುಕೊಂಡರು. ಆಮೇಲೆ ತಾವೇ ಕಚೇರಿಗೆ ಅಲೆದು ಗಡುವು ಮುಂದಕ್ಕೆ ಹಾಕಿಸಿಕೊಟ್ಟರು. ಕೆಲಸ ಇನ್ನೊಬ್ಬರ ಪಾಲಾಯಿತು. ಹುಡುಗಿ ಮೊದಲ ಪುಟದಿಂದ ಮತ್ತೆ ಕೂತಳು. ಈ ಸಲ ಅವಳಿಗೆ ಕಂಡದ್ದೇ ಬೇರೆ: ಮಾಲೀಕರ ನೆಂಟರ ಕಂಪನಿಗೆ ಸಾಲ ಕೊಡುವ ಮಾತು ಬಂದ ದಿನವೇ ಮಂಡಳಿಗಳಲ್ಲಿ ಕಾಯಿಲೆ ಕಸಾಲೆ ಹೆಚ್ಚು!

ಆದರೆ ಗೈರುಹಾಜರಿ ಎಂದರೆ ವಿರೋಧ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಡೈರೆಕ್ಟರನ್ನೇ ಕೇಳಿದಳು.

“ಅದು ಮನೇಲಿ ಆಡಿದ ಮಾತು ಕಣಮ್ಮಾ,” ಡೈರೆಕ್ಟರು ಹಿಂಜರಿದರು. “ಆ ಅಧ್ಯಕ್ಷರು ಈಗ ನನ್ನ ಬೀಗರು.”

ಪ್ರಬಂಧದ ಬಹಿರಂಗ ಪರೀಕ್ಷೆಗಾದರೂ ಬನ್ನಿ ಎಂದು ಕರೆದೆವು. ಹಿಂದಿನ ದಿನ ಫೋನ್ ಬಂತು. ಎರಡು ಸೀನು.

“ಬಂತು ನೋಡು ನೆಗಡಿ,” ಎಂದೆ ನಾನು.

“ಇರಲಿ ಬಿಡಿ ಅತ್ತೆ. ನಾನು ಲೆಕ್ಕ ಹಾಕಿದ್ದನ್ನ ನಾನೇ ನಿಂತು ಹೇಳ್ತೀನಿ.”

ಪರೀಕ್ಷೆಯ ಕೋಣೆಯಲ್ಲಿ ಜವಾನ ನನ್ನನ್ನು ನೋಡಿ ಮೆತ್ತೆಯಿದ್ದ ಕುರ್ಚಿ ತಂದಿಟ್ಟ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಂಭೀರ ಮನುಷ್ಯ.

“ಬಾರದವರು ನಿಜವಾಗಿಯೂ ಕಾಯಿಲೆ ಬಿದ್ದಿರಬಹುದಲ್ಲಮ್ಮಾ?”

“ಒಬ್ಬಿಬ್ಬರು ಬಿದ್ದಿರಬಹುದು ಸಾರ್. ಆದ್ರೆ ಕಾಯಿಲೆ ಸಭೆಯ ವಿಷಯ ನೋಡ್ಕೊಂಡು ಬರಲ್ಲ.”

ಕೋಣೆ ನಕ್ಕಿತು. ಅವರು ನಗಲಿಲ್ಲ. “ಹಾಗಂತ ಯಾರಾದರೂ ಹೇಳಿದ್ದಾರಾ?”

“ಒಬ್ಬರು ಹೇಳಿದ್ದಾರೆ. ಬರೆಯೋಕೆ ಅವರ ಒಪ್ಪಿಗೆ ಇಲ್ಲ. ಅದಕ್ಕೇ ಸೇರಿಸಿಲ್ಲ. ಅದು ನನ್ನ ಕೆಲಸದ ಕೊರತೆ, ಒಪ್ಕೋತೀನಿ.”

ಆಗ ಹಿಂದಿನ ಸಾಲಿನಿಂದ ಗೋಡೆ ಅದುರುವಂಥ ಸೀನು ಕೇಳಿಸಿತು. ಮಫ್ಲರ್ ಸುತ್ತಿಕೊಂಡು, ಕೆಂಪು ಮೂಗು ಒರೆಸುತ್ತ ಡೈರೆಕ್ಟರು ಎದ್ದು ನಿಂತಿದ್ದರು.

“ಒಪ್ಪಿಗೆ ಇದೆ ಸಾರ್. ಬರ್ಕೊಳ್ಳಿ. ಆ ನೆಗಡಿಗಳೆಲ್ಲ ಸುಳ್ಳು. ನಿನ್ನೆಯದೂ ಸುಳ್ಳೇ. ರಾತ್ರಿ ನಿಜವಾಗಿಯೇ ಹಿಡ್ಕೊಂಡುಬಿಡ್ತು, ಆದರೂ ಬಂದಿದ್ದೀನಿ.”

ಪರೀಕ್ಷಕರು ತಮ್ಮ ಬಿಸಿನೀರಿನ ಫ್ಲಾಸ್ಕನ್ನು ಅವರ ಕಡೆ ಸರಿಸಿದರು. “ಮೊದಲು ಒಂದು ಗುಟುಕು ಕುಡೀರಿ. ಆಮೇಲೆ ನಿಧಾನವಾಗಿ ಹೇಳಿ.”

“ಬೀಗರಿಗೆ ಗೊತ್ತಾದ್ರೆ?” ಕೋಣೆಯಿಂದ ಹೊರಗೆ ಬಂದ ಮೇಲೆ ಡೈರೆಕ್ಟರನ್ನು ಕೇಳಿದೆ.

“ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದೆ. ಪಟ್ ಅಂತ ಇಟ್ಟುಬಿಟ್ರು,” ಎಂದರು. ಅಲ್ಲಿಯ ಲಿಫ್ಟಿನ ಬಾಗಿಲನ್ನು ಈ ಸಲ ಹುಡುಗಿ ಹಿಡಿದು ನಿಂತಿದ್ದಳು, ನಮ್ಮಿಬ್ಬರಿಗೂ.