ಹಣಮವ್ವ ಹೊಸೆದ ಹುರಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವಳಸಂಗದ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದೆ. ನಿವೃತ್ತಳಾಗಿ ಆರು ವರ್ಷವಾದರೂ ನಾನು ಓಣಿಯಲ್ಲಿ ಹೊರಟರೆ ಮೀಸೆ ಬಂದ ಗಂಡಸರು ಇನ್ನೂ ಬೀಡಿ ಬಚ್ಚಿಡುತ್ತಾರೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಇದೇ ಸಿಟ್ಟಿನಲ್ಲಿ ಕಳೆದ ಜನವರಿಯಲ್ಲಿ ಒಬ್ಬ ಹಿರಿಯರ ಮನಸ್ಸು ನೋಯಿಸಿದೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನನ್ನ ಶಿಷ್ಯೆ ಕಾಜಲ್ ಪುಣೆಯಲ್ಲಿ ಚೆಲ್ಲೋ ಬಾರಿಸುತ್ತಾಳೆ. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಣ್ಣ. ಕುರ್ಚಿಯ ಮೇಲೆ ಕುಳಿತು, ಮೊಣಕಾಲುಗಳ ನಡುವೆ ಹಿಡಿದುಕೊಂಡು ಕಮಾನು ಎಳೆಯಬೇಕು. ಅವಳದು ಕುರಿ ಕಾಯುವ ಮನೆತನ. ಏಳನೆಯ ಇಯತ್ತೆಯ ತನಕ ನನ್ನ ಕೈಯಲ್ಲಿ ಕಲಿತು ಪುಣೆಯ ಹಾಸ್ಟೆಲ್ ಸೇರಿದಳು. ಅಲ್ಲಿ ಯಾರೋ ಪುಣ್ಯಾತ್ಮ ಮಾಸ್ತರರು ಅವಳ ಉದ್ದನೆಯ ಬೆರಳು ನೋಡಿ ಈ ವಾದ್ಯ ಹಿಡಿಸಿದರು. ಈಗ ಆರು ಜನರ ತಂಡವೊಂದರಲ್ಲಿದ್ದಾಳೆ. ಮುನ್ನೂರು ವರ್ಷದ ಹಿಂದೆ ಯುರೋಪಿನ ದೊಡ್ಡ ಮನೆಗಳ ಕೋಣೆಗಳಲ್ಲಿ ನುಡಿಸುತ್ತಿದ್ದ ಬರೋಕ್ ಸಂಗೀತವನ್ನು, ಆಗಿನಂಥದೇ ವಾದ್ಯಗಳ ಮೇಲೆ ನುಡಿಸಬೇಕೆಂಬುದು ಅವರ ಹಟ. ಅದಕ್ಕೇ ಅವರ ತಂತಿಗಳು ಉಕ್ಕಿನವಲ್ಲ, ಕುರಿಯ ಕರುಳು ಹೊಸೆದು ಮಾಡಿದವು.

ವಿಜಯಪುರದಲ್ಲಿ ಅವರ ಕಾರ್ಯಕ್ರಮವಿತ್ತು. ಕಾಜಲ್ ನನಗೆ ಫೋನ್ ಮಾಡಿದಳು.

"ಅಕ್ಕೋರ, ಹಾದ್ಯಾಗ ನಮ್ಮೂರಾಗೂ ಒಂದ್ ಕಾರ್ಯಕ್ರಮ ಇಡಸ್ರಿ. ಮುತ್ಯಾ ನನ್ನ ಬಾಜಾ ಒಮ್ಮಿನೂ ಕೇಳಿಲ್ಲ."

"ಮೊಬೈಲ್‌ದಾಗ ಕೇಳಸಲಿಲ್ಲೇನ?"

"ಕೇಳಸೀನ್ರಿ. ಡಬ್ಬ್ಯಾಗ ನೊಣ ಹೊಕ್ಕಂಗ ಆಗ್ತೈತಿ ಅಂದ."

ಅವಳ ಮುತ್ಯಾ, ಅಂದರೆ ಅಜ್ಜ, ಬಾಳಾಸಾಹೇಬ. ಅಪ್ಪ, ಅವ್ವ ಕುರಿಹಿಂಡಿನ ಜೊತೆ ವರ್ಷದ ಅರ್ಧ ಕರಾಡದ ಕಡೆಗೆ ಇರುತ್ತಿದ್ದರಿಂದ ಹುಡುಗಿಯನ್ನು ಬೆಳೆಸಿದವರು ಈ ಮುತ್ಯಾ ಮತ್ತು ಆಯಿ, ಅವಳ ಅಜ್ಜಿ ಹಣಮವ್ವ. ಹಣಮವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಕಾಜಲ್ ಇಡೀ ತಂಡವನ್ನು ಊರಿಗೆ ಕರೆತರುತ್ತಿದ್ದುದು ಉಳಿದ ಒಂದು ಜೋಡಿ ಕಿವಿಗಾಗಿ.

ಶಾಲೆಯ ಹಾಲ್ ಗೊತ್ತುಮಾಡಿದೆ. ಈ ಸಂಗೀತಕ್ಕೆ ಮೈಕ್ ಬೇಡ ಎಂದಾಗ ಪೆಂಡಾಲಿನ ಶಿವಯೋಗೆಪ್ಪ ಕಣ್ಣುಕಣ್ಣು ಬಿಟ್ಟ. "ಮೈಕ್ ಇಲ್ದ ಕಾರ್ಯಕ್ರಮ ಅಂದ್ರ ಊಟ ಇಲ್ದ ಲಗ್ನ ಆತಲ್ರಿ ಅಕ್ಕೋರ" ಎಂದ. ಜಮಖಾನೆ ತಂದು ಹಾಸಿ ಸುಮ್ಮನಿರು ಎಂದೆ.

ಹಿಂದಿನ ದಿನ ಮಧ್ಯಾಹ್ನ ತಂಡ ಬಂತು. ಐದು ಜನ ನಮ್ಮ ಮನೆಯಲ್ಲಿ ಇಳಿದರು. ಕಾಜಲ್ ಚೆಲ್ಲೋ ಹೊತ್ತುಕೊಂಡು ಮುತ್ಯಾನ ಮನೆಗೆ ಹೋದಳು. ತಂಡದ ಮುಖ್ಯಸ್ಥ ನಾಗನಾಥ ಸೋಲಾಪುರದ ಹುಡುಗ, ಪಿಟೀಲು ಅವನದು. ನಾಳೆಯ ಕೊನೆಯ ಕಾನ್ಚರ್ಟೊದಲ್ಲಿ ಕಾಜಲಳ ಚೆಲ್ಲೋ ಮುಂದೆ ನಿಂತು ಮಾತಾಡುತ್ತದೆ, ನಾವೆಲ್ಲ ಹಿಂದೆ ನಿಂತು ಹೂಂಗುಡುತ್ತೇವೆ ಎಂದು ಅವನೇ ನನಗೆ ವಿವರಿಸಿದ. ಮೂರು ತಿಂಗಳು ಅದನ್ನೇ ತಿಕ್ಕಿದ್ದಳಂತೆ.

ಮರುದಿನ ಬೆಳಿಗ್ಗೆ ಏಳಕ್ಕೆ ಕಾಜಲ್ ಚಪ್ಪಲಿಯಿಲ್ಲದೆ ಓಡಿಬಂದಳು. ನಾನು, ನಾಗನಾಥ ಅವಳ ಹಿಂದೆ ಮುತ್ಯಾನ ಮನೆಗೆ ಹೋದೆವು. ಕಂಬಳಿಯ ಮೇಲೆ ಚೆಲ್ಲೋ ಮಲಗಿತ್ತು. ನಾಲ್ಕೂ ತಂತಿಗಳು ಪೂರಾ ಸಡಿಲ. ಅವುಗಳನ್ನು ಹೊರುವ ಮರದ ಕುದುರೆ ಕಳಚಿ ಪಕ್ಕಕ್ಕೆ ಬಿದ್ದಿತ್ತು.

"ನಾನ ಸಡಲ ಮಾಡೀನ್ರಿ" ಎಂದರು ಬಾಳಾಸಾಹೇಬ, ಒಳ್ಳೆಯ ಕೆಲಸ ಮಾಡಿದವರ ಮುಖದಲ್ಲಿ.

ನನ್ನ ನಾಲಿಗೆಗೆ ಲಗಾಮು ಎಲ್ಲಿದೆ? "ನಿಮಗ ಮುಟ್ಟಾಕ ಯಾರ ಹೇಳಿದ್ರು? ಇದೇನ ಕುರಿ ಕಟ್ಟೂ ಹಗ್ಗ ಅಂತ ತಿಳಿದಿರೇನ? ಮೂರ ತಿಂಗಳ ಹುಡಿಗಿ ಪಟ್ಟ ಕಷ್ಟ ನೀರಾಗ ಹಾಕಿದ್ರಿ. ವಯಸ್ಸಾದ್ರ ಬುದ್ಧಿನೂ ಹೋಗ್ತದೇನ?"

ಓಣಿಯ ನಾಲ್ಕು ಜನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಬಾಳಾಸಾಹೇಬರು ತಲೆ ತಗ್ಗಿಸಿದರು.

"ಮುಟ್ಟಿ ನೋಡಿದೆ, ಕುರಿ ಕರಳಿನ ಹುರಿ ಇತ್ತರಿ ಅಕ್ಕೋರ. ಉಣ್ಣಿ ಹಿಂಜೂ ಬಿಲ್ಲಿಗೂ ಇದನ್ನ ಕಟ್ಟತೀವಿ. ಕೆಲಸ ಮುಗದ ಮ್ಯಾಲ ಸಡಲ ಬಿಡಬೇಕು. ಬಿಗದ ಇಟ್ಟರ ಅದರ ಜೀವಾ ಹೋಕ್ಕೈತಿ. ನಾ ಮರೆತರ ಹಣಮವ್ವ ಬೈತಿದ್ಲು, ಅದಕ್ಕೂ ದಣಿವ ಆಗ್ತೈತಿ, ಸಡಲ ಮಾಡ್ರಿ ಅಂತ."

ನಾಗನಾಥ ಕುದುರೆಯನ್ನು ನಿಲ್ಲಿಸಿ ಒಂದೊಂದೇ ತಂತಿ ಬಿಗಿದ. ಮೂರನೆಯದು ಮೇಲುಗಡೆ ಮೊದಲೇ ನವೆದಿತ್ತು, ಫಟ್ಟನೆ ಹರಿಯಿತು. ಹೆಚ್ಚಿಗೆ ಇಟ್ಟುಕೊಂಡಿದ್ದ ಇನ್ನೊಂದು ತಂತಿಯನ್ನು ಹೋದ ತಿಂಗಳು ಕೊಲ್ಹಾಪುರದಲ್ಲಿ ಹಾಕಿಯಾಗಿತ್ತು. ಹೊಸದು ವಿದೇಶದಿಂದ ಬರಬೇಕು.

"ಕಾಜಲ್, ಕಾನ್ಚರ್ಟೊ ಬಿಡೂಣು" ಎಂದ ಮೆಲ್ಲಗೆ. ಅವಳು ಅಳಲಿಲ್ಲ, ತಲೆಯಾಡಿಸಿದಳು ಅಷ್ಟೆ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಬಾಳಾಸಾಹೇಬರು ಹರಿದ ತುಂಡನ್ನು ಬೆರಳಲ್ಲಿ ಹೊರಳಿಸಿ ದಪ್ಪ ನೋಡಿದರು. ಎದ್ದು ಹೋಗಿ ಗೋಡೆಯ ಮೇಲಿದ್ದ ಉಣ್ಣೆ ಹಿಂಜುವ ಬಿಲ್ಲನ್ನು ಇಳಿಸಿ ಅದರ ಹುರಿಯ ಗಂಟು ಬಿಚ್ಚತೊಡಗಿದರು.

"ಮುತ್ಯಾ, ಅದು ಬ್ಯಾಡ" ಎಂದಳು ಕಾಜಲ್. "ಅಕ್ಕೋರ, ನೀವರ ಹೇಳ್ರಿ. ಅದು ಆಯಿ ಹೊಸದ ಕಡೀ ಹುರಿ. ಯಾರಿಗೂ ಮುಟ್ಟಗೊಡೂದಿಲ್ಲ ಅಂವ."

ಹೇಳಲು ನನಗೆ ಬಾಯಿ ಎಲ್ಲಿತ್ತು? ಅವರು ನೀರು ತರಿಸಿ, ಹುರಿಯನ್ನು ಸ್ವಲ್ಪ ಹೊತ್ತು ನೆನೆಸಿ, ಅಂಗಳದಲ್ಲಿ ಎರಡು ಗೂಟ ಹೊಡೆದು ಎಳೆದು ಕಟ್ಟಿದರು. ಕಂಬಳಿಯ ತುಂಡಿನಿಂದ ಆ ತುದಿಯಿಂದ ಈ ತುದಿಗೆ ತಿಕ್ಕಿದರು. ಬಿಸಿಲಿಗೆ ಒಣಗಬೇಕು, ಕಾಗೆ ನಾಯಿ ಮುಟ್ಟಬಾರದು. ನಾನು ಒಂದು ಕೋಲು ಹಿಡಿದು ಅಲ್ಲೇ ಕುಳಿತೆ. ವಿದ್ಯಾವತಿ ಅಕ್ಕೋರು ಕಾಗೆ ಹೊಡೆಯುತ್ತಿದ್ದಾರೆಂದು ಊರೆಲ್ಲ ಸುದ್ದಿಯಾಯಿತು. ಆಗಲಿ, ಮೂರು ಗಂಟೆಯವರೆಗೆ ನಾನು ಅಲ್ಲಿಂದ ಏಳಲಿಲ್ಲ.

"ಬಾಳಾಸಾಹೇಬ, ಮುಂಜಾನೆ ನಾ ಅಂದದ್ದು ಭಾಳ ತಪ್ಪಾತು" ಎಂದೆ ನಡುವೆ ಒಮ್ಮೆ.

"ಕಾಗಿ ನೋಡ್ರಿ ಅಕ್ಕೋರ" ಎಂದರು.

ನಾಗನಾಥ ಹುರಿಯ ತುದಿಯನ್ನು ಬ್ಲೇಡಿನಿಂದ ಹೆರೆದು ಸಣ್ಣ ಮಾಡಿ ಬಿರಡೆಗೆ ಸುತ್ತಿದ. ನಿಂತಿತು. ಆದರೆ ಐದು ಗಂಟೆಗೆ ಹಾಲ್ ತುಂಬಿದರೂ ಬಾಳಾಸಾಹೇಬರು ಇಲ್ಲ. ನಾನೇ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದರು.

"ನಾ ಒಲ್ಲೆರಿ. ಮತ್ತೇನರ ಕೆಡಿಸೇನು."

"ಆಕಿ ಪುಣೆದಿಂದ ಬಂದದ್ದು ನನ್ನ ಸಲುವಾಗಿ ಅಲ್ಲ. ಏಳ್ರಿ" ಎಂದು ಕೈ ಹಿಡಿದು ಎಬ್ಬಿಸಿ, ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದೆ.

ಮೊದಲ ಮೂರು ರಚನೆಗಳು ಮುಗಿದವು. ಮೈಕಿಲ್ಲದ ಕಾರಣಕ್ಕೋ ಏನೋ, ನಮ್ಮ ಜನ ಉಸಿರು ಬಿಗಿಹಿಡಿದು ಕೇಳಿದರು. ಆಮೇಲೆ ಕಾಜಲಳ ಕಾನ್ಚರ್ಟೊ. ಮೊದಲ ಭಾಗ ಓಟದ್ದು, ಹುಡುಗಿಯ ಕೈ ಕಾಣಿಸುತ್ತಿರಲಿಲ್ಲ. ಅದು ಮುಗಿಯುವಷ್ಟರಲ್ಲಿ ಹೊಸದಾಗಿ ಹಾಕಿದ ಹುರಿ ಎಳೆದುಕೊಂಡು ಶ್ರುತಿ ಇಳಿದಿತ್ತು. ಅವಳು ನಿಲ್ಲಿಸಿ ಬಿರಡೆ ತಿರುವಿದಳು. ನೂರೈವತ್ತು ಜನ ಸುಮ್ಮನೆ ಕಾದರು. ಬಾಳಾಸಾಹೇಬರು ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಸುಕಿದರು.

ಎರಡನೆಯ ಭಾಗ ನಿಧಾನದ್ದು, ಬಹಳಷ್ಟು ಆ ಮೂರನೆಯ ತಂತಿಯ ಮೇಲೆಯೇ. ಉಳಿದವುಗಳಷ್ಟು ನಯ ಅದರಲ್ಲಿರಲಿಲ್ಲ. ದನಿ ಗೊಗ್ಗರು, ತಳದಲ್ಲಿ ಸ್ವಲ್ಪ ಉಸಿರು. ಹಣಮವ್ವನ ದನಿಯೂ ಗೊಗ್ಗರೇ ಇತ್ತು. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು "ಕಾಜೂ, ಲಗೂನ ಬಾ" ಎಂದು ಕೂಗುತ್ತಿದ್ದಳು, ನಾನು ಪಾಠ ಕೆಡುತ್ತದೆಂದು ಗದರುತ್ತಿದ್ದೆ. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಬಾಳಾಸಾಹೇಬರು ಅಳಲಿಲ್ಲ. ಮುಂದಕ್ಕೆ ಬಾಗಿ, ಯಾರೋ ತಮಗೊಬ್ಬರಿಗೇ ಏನೋ ಹೇಳುತ್ತಿದ್ದಾರೆ ಎಂಬಂತೆ ಕೇಳಿದರು.

ಕೊನೆಯ ಭಾಗವೂ ಮುಗಿದು ಚಪ್ಪಾಳೆಯಾಗಿ ಜನ ಏಳುತ್ತಿದ್ದಾಗ ಕಾಜಲ್ ಕುರ್ಚಿಯಿಂದಲೇ ಕರೆದಳು.

"ಮುತ್ಯಾ, ಕೆಲಸ ಮುಗೀತು. ಬಾ, ಸಡಲ ಮಾಡು."

ಅವರು ಕೈ ಹಿಂದೆ ಕಟ್ಟಿಕೊಂಡರು. ಅವಳೇ ಆ ಕೈ ಎಳೆದು ಬಿರಡೆಯ ಮೇಲೆ ಇಟ್ಟಳು. "ಪೂರಾ ಬ್ಯಾಡ. ಅರ್ಧಾ ಸುತ್ತ ಸಾಕು."

ಮೊದಲ ಎರಡು ತಂತಿಗಳ ಬಿರಡೆ ತಿರುವಿದರು. ಮೂರನೆಯದಕ್ಕೆ ಬೆರಳು ನಿಂತಿತು.

"ವಿಜಾಪುರದ್ದ ಮುಗಿಸಿ, ಹೊಸಾದು ತರಸಿ, ಇದನ್ನ ತಿರುಗಿ ನಿನ್ನ ಬಿಲ್ಲಿಗೆ ಕಟ್ಟತೀನಿ" ಎಂದಳು.

"ಬ್ಯಾಡ. ಗ್ವಾಡಿ ಮ್ಯಾಲ ಮೂರ ವರ್ಷ ಬಾಯಿ ಮುಚಕೊಂಡು ಕುಂತಿದ್ಲು. ಹಂಗ ಕುಂದ್ರಾಕಿ ಅಲ್ಲ ಅಕಿ." ಬಿರಡೆಯನ್ನು ಅರ್ಧ ಸುತ್ತು ತಿರುವಿ, ಹುರಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು. "ದಿನಾ ಸಂಜಿಕ ಸಡಲ ಮಾಡೂದು ಮರೀಬ್ಯಾಡವಾ. ಅಕಿಗೂ ದಣಿವ ಆಗ್ತೈತಿ."