ಸಾಕು ಎಂಬ ಕೂಗು

ನನ್ನ ಗಂಡ ಫಿದೆನ್ಸಿಯೊನ ಕಿವಿ ಹೋಗಿದೆ ಎಂದು ನನಗೆ ಗೊತ್ತಾದದ್ದು ಅವನನ್ನು ಬೈಯುವಾಗ. ಕೊರುಂದಾ ಮಾಡಲು ಮೆಕ್ಕೆಜೋಳದ ಹಿಟ್ಟು ನಾದುತ್ತ ಅವನ ಬೆನ್ನ ಹಿಂದೆ ನಿಂತಿದ್ದೆ. "ನಿಮ್ಮಮ್ಮ ನಿನ್ನ ಹೆರೋ ಬದ್ಲು ಒಂದು ಕತ್ತೆ ಸಾಕಿದ್ರೆ ಮನೆಗೆ ಸೌದೆನಾದ್ರೂ ಬರ್ತಿತ್ತು" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಬೈಗುಳವನ್ನೂ ಬಡ್ಡಿ ಸಮೇತ ಹಿಂದಿರುಗಿಸದೆ ಬಿಟ್ಟವನಲ್ಲ ಅವನು. ಅವತ್ತು ಚಪ್ಪಲಿಯ ಪಟ್ಟಿ ಹೊಲಿಯುತ್ತ ಸುಮ್ಮನೆ ಕೂತಿದ್ದ. ಇನ್ನೊಮ್ಮೆ ಅಂದೆ. ಆಗಲೂ ಸುಮ್ಮನೆ ಕೂತಿದ್ದ.

ತಾಮ್ರ ಬಡಿಯುವವರ ಊರಿನಲ್ಲಿ ಕಿವಿ ಮಂದವಾಗುವುದು ಹೊಸದೇನಲ್ಲ. ಸಾಂತಾ ಕ್ಲಾರಾದಲ್ಲಿ ಪ್ರೀತಿ ಮಾಡುವವರೂ ಕೂಗಿಯೇ ಮಾತಾಡುತ್ತಾರೆ. ಪಾದ್ರಿಯ ಮುಂದೆ ಪಾಪ ಹೇಳಿಕೊಂಡರೆ ಮುಂದಿನ ಸಾಲಿನ ಬೆಂಚಿನವರಿಗೆಲ್ಲ ಗೊತ್ತಾಗುತ್ತದೆ. ಆದರೆ ಮಂದವಾಗುವುದು ಬೇರೆ, ಪೂರ್ತಿ ಹೋಗುವುದು ಬೇರೆ. ಪೂರ್ತಿ ಹೋದವನ ಕೈಗೆ ಯಾವ ಕುಲುಮೆಯಲ್ಲೂ ಸಮ್ಮಟಿಗೆ ಕೊಡುವುದಿಲ್ಲ.

ಯಾಕೆಂದರೆ ನಮ್ಮಲ್ಲಿ ಒಬ್ಬನೇ ಬಡಿಯುವ ಪದ್ಧತಿ ಇಲ್ಲ. ಕೆಂಪಗೆ ಕಾದ ತಾಮ್ರದ ಬಿಲ್ಲೆಯನ್ನು ದೋನ್ ಸಿರಿಲೊ, ನನ್ನ ಗಂಡನ ಸೋದರಮಾವ, ಉದ್ದ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ತಿರುಗಿಸುತ್ತಾರೆ. ಸುತ್ತ ನಿಂತ ನಾಲ್ವರು ಒಬ್ಬರಾದ ಮೇಲೊಬ್ಬರು ಬಡಿಯುತ್ತಾರೆ. ಒಂದು ಸಮ್ಮಟಿಗೆ ಏಳುವಾಗ ಇನ್ನೊಂದು ಬೀಳುತ್ತಿರುತ್ತದೆ. ಸಿರಿಲೊ "ಸಾಕು" ಎಂದು ಕೂಗಿದರೆ ನಾಲ್ಕೂ ಸಮ್ಮಟಿಗೆಗಳು ಎಲ್ಲಿದ್ದವೋ ಅಲ್ಲೇ ನಿಲ್ಲಬೇಕು. ಆ ಒಂದು ಕೂಗು ಕೇಳದವನು ಉಳಿದವರ ಪಾಲಿಗೆ ಮೃತ್ಯು.

ಅವತ್ತು ನಾನು ಅವನ ಎದುರಿಗೆ ಬಂದು ಕೂತು ಕೇಳಿದೆ. "ಎಷ್ಟು ದಿನದಿಂದ?"

ಅವನು ನನ್ನ ತುಟಿ ನೋಡಿ ಸೂಜಿ ಕೆಳಗಿಟ್ಟ. "ಯಾರಿಗೂ ಹೇಳ್ಬೇಡ ಎರ್ಮಿಲಾ. ಅಪ್ಪನ್ನ ಕೂರಿಸಿದ ಹಾಗೆ ನನ್ನೂ ಬಾಗಿಲ ಹತ್ರ ಕೂರಿಸ್ಬಿಡ್ತಾರೆ."

ಕಿವಿ ಹೋದ ಮೇಲೆ ನನ್ನ ಮಾವನಿಗೆ ಪಾತ್ರೆ ಉಜ್ಜುವ ಕೆಲಸ ಕೊಟ್ಟಿದ್ದರು. ನಿಂಬೆಹೋಳು, ಉಪ್ಪು ಹಿಡಿದು ಬಾಗಿಲ ಪಕ್ಕ ಎರಡು ವರ್ಷ ಉಜ್ಜಿದರು. ಬಡಿತ ಶುರುವಾದಾಗಲೆಲ್ಲ ಅವರ ಭುಜ ತಾನಾಗಿ ಅಲುಗುತ್ತಿತ್ತು. ಮೂರನೇ ವರ್ಷ ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ. ವೈದ್ಯರು ಏನೋ ಕಾಯಿಲೆಯ ಹೆಸರು ಹೇಳಿದರು, ನಾವ್ಯಾರೂ ನಂಬಲಿಲ್ಲ. ನನ್ನ ಗಂಡನನ್ನು ಹಾಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಹೀಗೆ ನಾನೇ ಅವನ ಕಿವಿಯಾದೆ. ಕುಲುಮೆಯಲ್ಲಿ ತಿದಿ ಒತ್ತುವವಳು ನಾನು, ನನ್ನ ಜಾಗ ಅವನಿಗೆ ನೇರ ಎದುರು. ಸಿರಿಲೊ "ಸಾಕು" ಎಂದ ಕ್ಷಣ ನಾನು ಗಲ್ಲ ಮೇಲೆತ್ತುವುದು, ಅವನು ನಿಲ್ಲಿಸುವುದು. ಮೂರು ವರ್ಷ ಒಮ್ಮೆಯೂ ತಪ್ಪಲಿಲ್ಲ. ಗಂಡಹೆಂಡಿರು ಇಷ್ಟು ವಯಸ್ಸಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ ಎಂದು ಹುಡುಗರು ಚುಡಾಯಿಸುತ್ತಿದ್ದರು. ಹೊಟ್ಟೆಕಿಚ್ಚು ಪಡಿ ಎಂದು ನಾನು ಜಬರಿಸುತ್ತಿದ್ದೆ. ಊರವರ ಕಣ್ಣಿಗೆಲ್ಲ ಮಣ್ಣೆರಚಿದ್ದೇನೆ ಎಂಬ ಜಂಬವೂ ನನಗಿತ್ತು, ಸುಳ್ಳೇಕೆ ಹೇಳಲಿ.

ಫಿದೆನ್ಸಿಯೊನ ಪಕ್ಕದಲ್ಲಿ ನಿಂತು ಬಡಿಯುವವನು ಅವನ ತಮ್ಮ ನಬೋರ್. ಬಡಿತ ಮುಗಿದ ಮೇಲಿನ ನಾಜೂಕು ಕೆಲಸವೂ ಅವನದೇ. ಬಲಗೈಯಲ್ಲಿ ಕಡ್ಡಿಯಷ್ಟು ಸಣ್ಣ ಉಳಿ ಹಿಡಿದು ಹೂಜಿಯ ಹೊಟ್ಟೆಯ ಮೇಲೆ ಕೆರೆಯ ಮೀನು, ಬಾತುಕೋಳಿಗಳನ್ನು ಎಬ್ಬಿಸುತ್ತಿದ್ದ. ಶನಿವಾರ ವ್ಯಾನಿನಲ್ಲಿ ಬರುವ ಪ್ರವಾಸಿಗರು ಅವನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. "ಮದುವೆ ಯಾಕಾಗಿಲ್ಲ?" ಎಂದು ಯಾರಾದರೂ ಕೇಳಿದರೆ, "ನಮ್ಮತ್ತಿಗೆ ಬಾಯಿ ನೋಡಿ ಹೆದರ್ಕೊಂಡ್ಬಿಟ್ಟೆ" ಎನ್ನುತ್ತಿದ್ದ. ನಾನು ನಗುತ್ತಿದ್ದೆ, ಎಲ್ಲರೂ ನಗುತ್ತಿದ್ದರು.

ಆ ಶನಿವಾರ ಕೆರೆತಾರೊ ಕಡೆಯಿಂದ ನಿವೃತ್ತ ಮೇಷ್ಟ್ರುಗಳ ಒಂದು ಗುಂಪು ಬಂತು. ಒಳ್ಳೆಯ ಜನ, ಚೌಕಾಸಿ ಮಾಡಲಿಲ್ಲ. ಅವರಲ್ಲಿ ಹೊಸ ಹ್ಯಾಟು ಹಾಕಿದ್ದ ಒಬ್ಬ ದಪ್ಪ ಮೇಷ್ಟ್ರು, ತನಗೂ ಎಲ್ಲರ ಜೊತೆ ಸೇರಿ ಬಡಿಯುವ ಆಸೆ ಎಂದರು. ನಬೋರ್ ತನ್ನ ಸಮ್ಮಟಿಗೆ ಕೊಟ್ಟು ಪಕ್ಕಕ್ಕೆ ಸರಿದ.

"ತಾಳ ನೋಡ್ಕೊಳಿ ಮೇಷ್ಟ್ರೇ, ನಿಮ್ಮ ಸರದಿ ಬಂದಾಗ ಮಾತ್ರ" ಎಂದರು ದೋನ್ ಸಿರಿಲೊ. "ಇಲ್ಲಿ ತಪ್ಪಿದ್ರೆ ಕೆಂಪಿಂಕಿನಲ್ಲಿ ತಿದ್ದಕ್ಕಾಗಲ್ಲ."

ಅಷ್ಟರಲ್ಲಿ ಅಗಲ ಹುಲ್ಲುಟೋಪಿಯ ಒಬ್ಬ ಹೆಂಗಸು ನನ್ನ ಹತ್ತಿರ ಬಂದರು. "ಅಮ್ಮಾ, ಇದನ್ನ ನಾನೊಂದ್ಸಲ ಒತ್ತಲಾ? ಬೆಂಕಿ ಇಲ್ದೆ ಇವ್ರ ಸುತ್ತಿಗೆ ಏನ್ ಮಾಡುತ್ತೆ, ಅಲ್ವಾ?"

ಹತ್ತೊಂಬತ್ತು ವರ್ಷದಿಂದ ತಿದಿ ಒತ್ತುತ್ತಿದ್ದೇನೆ. ಬಂದವರೆಲ್ಲ ಸಮ್ಮಟಿಗೆ ಹಿಡಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ನನ್ನ ಕೆಲಸ ಕೇಳಿದವರು ಅವರೊಬ್ಬರೇ. ನಾನು ಹಿಗ್ಗಿಹೋದೆ. ಆ ಹಿಗ್ಗನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವರನ್ನು ನನ್ನ ಜಾಗದಲ್ಲಿ ನಿಲ್ಲಿಸಿ, ಹಿಂದಿನಿಂದ ಅವರ ಕೈ ಹಿಡಿದು, "ಮೆತ್ತಗೆ ಒತ್ತಿ, ಹಸುವಿನ ಹಾಲು ಕರೆಯೋ ಹಾಗೆ" ಎಂದು ಕಲಿಸತೊಡಗಿದೆ.

ಬಡಿತ ಶುರುವಾಯಿತು. ಎರಡು ಸುತ್ತು ಮೇಷ್ಟ್ರು ಚೆನ್ನಾಗಿಯೇ ಬಡಿದರು. ಮೂರನೆಯ ಸುತ್ತಿನಲ್ಲಿ ಅವರ ಹ್ಯಾಟು ಜಾರಿ ಅಡಿಗಲ್ಲಿನ ಅಂಚಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲು ಬಗ್ಗಿದರು.

"ಸಾಕು!" ಎಂದು ಸಿರಿಲೊ ಕೂಗಿದರು. ನಾನು ಗಲ್ಲ ಮೇಲೆತ್ತಿದೆ. ನನಗೂ ಫಿದೆನ್ಸಿಯೊಗೂ ನಡುವೆ ಆ ಅಗಲ ಹುಲ್ಲುಟೋಪಿ ಇತ್ತು.

ಅವನ ಸಮ್ಮಟಿಗೆ ಇಳಿಯುತ್ತಿತ್ತು. ನಬೋರ್ ನುಗ್ಗಿ ಬಂದು ಎಡಗೈಯಿಂದ ಮೇಷ್ಟ್ರ ತಲೆಯನ್ನು ಆಚೆ ತಳ್ಳಿದ. ಆಯ ತಪ್ಪಿ ಅವನ ಬಲಗೈ ಅಡಿಗಲ್ಲಿನ ಮೇಲೆ ಊರಿತು. ಆಮೇಲೆ ಕೇಳಿದ ಸದ್ದು ತಾಮ್ರದ್ದಲ್ಲ.

ಪಾತ್ಸ್ಕ್ವಾರೊದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಇರುತ್ತವೆ, ಆದರೆ ಮಡಚಲು ಬರುವುದಿಲ್ಲ ಎಂದರು. ಮರುದಿನ ಮಧ್ಯಾಹ್ನ ಫಿದೆನ್ಸಿಯೊ ಔಷಧಿ ತರಲು ಹೊರಗೆ ಹೋಗಿದ್ದಾಗ ನಾನು ನಬೋರನ ಮಂಚದ ಪಕ್ಕ ಕೂತು ಅವನಿಗೆ ಗಂಜಿ ಕುಡಿಸುತ್ತಿದ್ದೆ. ತಪ್ಪೆಲ್ಲ ನನ್ನದು ಎಂದು ನಬೋರನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಅತ್ತಿಗೆ, ನೀನು ತಿದಿ ಬಿಟ್ಟಿದ್ದು ನೋಡ್ದೆ ನಾನು" ಎಂದ ಅವನೇ. "ಅದಕ್ಕೇ ದೂರ ಹೋಗ್ದೆ ಅಲ್ಲೇ ನಿಂತೆ."

ಚಮಚ ನನ್ನ ಕೈಯಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ಪಕ್ಕದಲ್ಲೇ ನಿಂತು ಬಡಿಯೋನಿಗೆ ಗೊತ್ತಾಗಲ್ವಾ? ನಾನು ತಮಾಷೆ ಮಾಡಿದ್ರೆ ಅಣ್ಣ ನಗೋದು ನೀನು ನಕ್ಕ ಮೇಲೆ."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ, ಪಾಪಿ?"

"ನೀನ್ಯಾಕೆ ಬಿಡ್ಲಿಲ್ಲ?"

ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವನು ಎಡಗೈಯಿಂದ ನನ್ನ ತಲೆ ಸವರಿ, "ಸುಮ್ನಿರು, ಅವನು ಬರ್ತಾನೆ. ನೋಡಿದ್ರೆ ಕೆಲಸ ಕೆಡುತ್ತೆ" ಎಂದ. ಅಣ್ಣನ ಮುಂದೆ ಏನು ಹೇಳಬೇಕು ಎಂಬುದನ್ನು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಫಿದೆನ್ಸಿಯೊ ಬಂದ. ಔಷಧಿಯ ಪೊಟ್ಟಣ ಕೈಯಲ್ಲಿ ಹಿಡಿದೇ ಮಂಚದ ಕಾಲಬುಡದಲ್ಲಿ ನಿಂತು, ಬ್ಯಾಂಡೇಜು ಸುತ್ತಿದ ಆ ಕೈಯನ್ನು ತುಂಬಾ ಹೊತ್ತು ನೋಡಿದ.

"ನಬೋರ್, ನಿಜ ಹೇಳು. ಸಿರಿಲೊ ಮಾಮ 'ಸಾಕು' ಅಂತ ಕೂಗಿದ್ರಾ? ನಂಗೇನೂ ಕೇಳ್ಲಿಲ್ಲ."

"ಇಲ್ಲ ಅಣ್ಣ."

ನೋವಿನ ಔಷಧಿಯ ಮಂಪರಿನಲ್ಲಿ ನಬೋರನ ತುಟಿ ಸರಿಯಾಗಿ ಅಲುಗುತ್ತಿರಲಿಲ್ಲ. ಫಿದೆನ್ಸಿಯೊ ಮುಂದಕ್ಕೆ ಬಗ್ಗಿದ. "ಏನು?"

"ಅವ್ರು ಕೂಗ್ಲಿಲ್ಲ."

"ಏನಂದೆ?"

ನಾನು ಹೇಳಬಹುದಿತ್ತು. ನನ್ನ ತುಟಿಯನ್ನಾದರೆ ಅವನು ಕತ್ತಲಲ್ಲೂ ಓದುತ್ತಾನೆ. ಆದರೆ ಇನ್ನೊಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನಬೋರ್ ದಿಂಬಿನಿಂದ ತಲೆಯೆತ್ತಿ, ಕತ್ತಿನ ನರ ಉಬ್ಬುವ ಹಾಗೆ ಕಿರುಚಿದ: "ಸಿರಿಲೊ ಮಾಮ ಕೂಗ್ಲೇ ಇಲ್ಲ ಅಣ್ಣಾ! ಯಾರೂ ಕೂಗ್ಲಿಲ್ಲ!"

ಈ ಸಲ ಸದ್ದು ಕೇಳದಿದ್ದರೂ ತುಟಿ ಓದಲು ಸಿಕ್ಕಿತು. ಫಿದೆನ್ಸಿಯೊನ ಮುಖ ಸ್ವಲ್ಪ ಸಡಿಲವಾಯಿತು. ಪೊಟ್ಟಣ ಮಂಚದ ಮೇಲಿಟ್ಟ. ಆಮೇಲೆ ಸುತ್ತ ನೋಡಿದ. ಎದುರು ಮಂಚದಲ್ಲಿ ಮಲಗಿದ್ದ ಮುದುಕ ಗಾಬರಿಯಿಂದ ಎದ್ದು ಕೂತಿದ್ದ. ಮೂಲೆಯಲ್ಲಿ ಒಂದು ಮಗು ಬೆಚ್ಚಿ ಅಳುತ್ತಿತ್ತು, ಅದರ ತಾಯಿ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಳು. ಓಡಿಬಂದ ನರ್ಸು ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟಿದ್ದಳು.

ಅವನು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ ಮುಗಿಸಿದ. ಕೊನೆಗೆ ತಮ್ಮನ ಕಡೆ ತಿರುಗಿದ.

"ಹಾಗಾದ್ರೆ ಕೂಗಿದ್ದಾರೆ" ಎಂದ.