ದುಬೈ ಹೆಸರಲ್ಲಿ ಬಂದ ಆರ್ಡರ್

ಅಮೆರಿಕದ ಲಾಸ್ ಏಂಜಲೀಸಿನ ರೆಸೀಡಾ ಬಡಾವಣೆಯಲ್ಲಿ, ಇರಾನಿನಿಂದ ಬಂದು ನೆಲೆಸಿದ ಫರಂಗೀಸ್ ಮತ್ತು ಅವಳ ಗಂಡ ಎಸ್ಕಂದರ್ ನೀರಿನ ಪಂಪುಗಳ ಅಂಗಡಿ ಇಟ್ಟಿದ್ದರು. ಆ ಬೇಸಿಗೆ ವ್ಯಾಪಾರ ನೆಲಕಚ್ಚಿತ್ತು. ಅಂಥ ಹೊತ್ತಿಗೇ ದಲ್ಲಾಳಿ ಬೆಹ್ರೂಜ್ ಪಿಸ್ತಾ ಮಿಠಾಯಿ ಹಿಡಿದು ಮನೆಗೆ ಬಂದ.

"ಇರಾನಿಗೆ ಪಂಪು ಬೇಕಂತೆ ಅಣ್ಣ. ಸರ್ಕಾರಿ ಕಂಪನಿ. ದುಡ್ಡು ದುಬೈಯಿಂದ ಬರುತ್ತೆ. ಸರಕು ಹೋಗೋದೂ ದುಬೈಗೆ ಅಂತಲೇ ಕಾಗದದಲ್ಲಿ ಬರೆದುಬಿಡು."

ಎಸ್ಕಂದರನ ಮುಖ ಅರಳಿತು. ಫರಂಗೀಸ್‌ಗೆ ಮಾತ್ರ ಯಾಕೋ ಸರಿಬರಲಿಲ್ಲ. ಬೆಹ್ರೂಜ್ ಕೂತಿದ್ದಂತೆಯೇ ಪಕ್ಕದ ಮನೆಯ ವಕೀಲೆ ಶಹ್ಲಾಳನ್ನು ಚಹಾಕ್ಕೆ ಕೂಗಿದಳು.

ಎಲ್ಲ ಕೇಳಿಸಿಕೊಂಡ ಶಹ್ಲಾ ಲೋಟ ಕೆಳಗಿಟ್ಟಳು. "ಬೇಡ ಅಣ್ಣ. ಭಯೋತ್ಪಾದಕರನ್ನ ಸಾಕುತ್ತೆ ಅಂತ ಅಮೆರಿಕ ಪಟ್ಟಿಗೆ ಹಾಕಿರೋ ಸರ್ಕಾರ ಅದು. ಅನುಮತಿ ಇಲ್ಲದೆ ಅದರ ಜೊತೆ ಹಣದ ವ್ಯವಹಾರ ಮಾಡಿದ್ರೆ ಜೈಲು."

"ನೀರಿನ ಪಂಪು ತಾನೇ ತಾಯಿ? ಬಾಂಬಲ್ವಲ್ಲ!" ಎಂದ ಎಸ್ಕಂದರ್.

"ಪಂಪೋ ಪಿನ್ನೋ, ಆಚೆ ಕಡೆ ಕೂತಿರೋರು ಯಾರು ಅನ್ನೋದೇ ಮುಖ್ಯ. ಗೊತ್ತಿದ್ದೂ ದುಬೈ ಅಂತ ಬರೆದ್ರೆ ತಪ್ಪಿನ ಮೇಲೆ ತಪ್ಪು."

"ಹಂಗಾದ್ರೆ ಇರಾನಲ್ಲಿ, ಶಿರಾಜಲ್ಲಿರೋ ಅಮ್ಮನ ಔಷಧಿಗೆ ದುಡ್ಡು ಕಳಿಸೋದೂ ತಪ್ಪಾ?"

"ಮನೆಯವರ ಖರ್ಚಿಗೆ ಕಾನೂನು ದಾರಿ ಬಿಟ್ಟಿದೆ. ಅದಕ್ಕೂ ನಿಯಮ ಇದೆ, ಕೇಳಿಕೊಂಡು ಕಳಿಸು. ಇದು ಅದಲ್ಲ."

ಬೆಹ್ರೂಜ್ ನಕ್ಕ. "ಇಲ್ಲಿನ ಅನ್ನ ತಿಂದು ಹುಟ್ಟಿದ ಮಣ್ಣನ್ನೇ ಮರೆತ್ರಾ?"

ಫರಂಗೀಸ್‌ಗೆ ಮೈಯೆಲ್ಲ ಉರಿದುಹೋಯಿತು.

"ಮಣ್ಣಿನ ಮಾತು ನೀನಾಡ್ತೀಯಾ? ಮೆರವಣಿಗೆಗೆ ಹೋದಳು ಅಂತ ನನ್ನ ತಂಗಿನ ಒಳಗೆ ಹಾಕಿದೋರು ಯಾರು? ಕಂಡೋರ ಸಂತೇಲಿ ಬಾಂಬಿಡೋರಿಗೆ ದುಡ್ಡು ಸುರಿಯೋರು ಯಾರು? ಮಣ್ಣು ನಮ್ದು, ಆ ಸರ್ಕಾರ ನಮ್ದಲ್ಲ! ಸಹಿ ನನ್ನ ಗಂಡಂದು, ಕಮಿಷನ್ ನಿಂದಾ? ಏಳು ಮೇಲೆ!"

ಎಸ್ಕಂದರ್ ತಲೆ ತಗ್ಗಿಸಿದ. ಆಮೇಲೆ ತಾನೇ ಎದ್ದು ಬಾಗಿಲು ತೆರೆದ.

ಆ ಚಳಿಗಾಲ ಅರ್ಧ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಆಗೆಲ್ಲ ಎಸ್ಕಂದರ್, "ಒಪ್ಪಿಕೊಂಡಿದ್ರೆ..." ಎಂದು ಗೊಣಗುತ್ತಿದ್ದ. ಅದೇ ಆರ್ಡರಿಗೆ ಹಿಂದಿನ ಬೀದಿಯ ಪಂಪು ವ್ಯಾಪಾರಿ ಹೊರ್ಮೋಜ್ ಸಹಿ ಹಾಕಿದ್ದ. ವಸಂತದಲ್ಲಿ ಅಧಿಕಾರಿಗಳು ಬಂದು ಅವನನ್ನು ಕೈಕೋಳ ಹಾಕಿ ಕರೆದೊಯ್ದರು. ಬೆಹ್ರೂಜನ ಫೋನು ಅಂದಿನಿಂದ ಬಂದ್.

"ಬೆಹ್ರೂಜ್ ದುಬೈ ಅಂದ, ನಂಬಿಬಿಟ್ವಿ ಅಕ್ಕ," ಎಂದು ಹೊರ್ಮೋಜನ ಹೆಂಡತಿ ಫರಂಗೀಸಳ ಹೆಗಲ ಮೇಲೆ ಬಿದ್ದು ಅತ್ತಳು. ಎಸ್ಕಂದರ್ ಕೇಳಿಸಿಕೊಂಡ. ಆಮೇಲೆ ಗೊಣಗಲಿಲ್ಲ, ಹೊರ್ಮೋಜನಿಗೊಬ್ಬ ಒಳ್ಳೆಯ ವಕೀಲರನ್ನು ಹುಡುಕಿಕೊಡು ಎಂದು ಕೇಳಲು ಶಹ್ಲಾಳ ಮನೆಗೆ ನಡೆದ.

ಅಂಗಡಿ ನಡೆಸುವ ಅಕ್ಕ, ಅಣ್ಣಂದಿರೇ! ಹುಟ್ಟೂರಿನ ಹೆಸರು ಹೇಳಿ ಕಣ್ಣಲ್ಲಿ ನೀರು ತರಿಸಿ ಸಹಿ ಕೇಳುವವರು ನಿಮ್ಮಲ್ಲಿಗೂ ಬರುತ್ತಾರೆ. ದುಡ್ಡು ಯಾರದು, ಸರಕು ಕೊನೆಗೆ ಯಾರ ಕೈಸೇರುತ್ತದೆ ಎಂದು ಕೇಳಿ. ಅನುಮಾನ ಬಂದರೆ ಮೊದಲು ವಕೀಲರ ಹತ್ತಿರ ಹೋಗಿ. ಕೊಳ್ಳುವವನ ಹೆಸರು ಹೇಳಲು ಹೆದರುವ ವ್ಯಾಪಾರಕ್ಕೆ ನಿಮ್ಮ ಹೆಸರು ಕೊಡಬೇಡಿ.